ಖಂಡೇಪೂಜೆಯ ದಿನ ಬಿಗಿಯದೆ ಬಿಟ್ಟ ನಟ್ಟು

ಗೌಡರ ಗಾಡಿಯ ಬಾನೆಟ್ ಹಾರಿದ್ದು ನನ್ನ ತಪ್ಪಿನಿಂದ. ಡ್ರೈವರ್ ಗುರುಸಿದ್ದಪ್ಪನ ತಪ್ಪಿನಿಂದ ಅಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಹಿಡಿಯಿತು. ಎರಡೂ ಸಾಲು ಕೂಡಿಸಿದರೆ ಒಂದು ಪೋಸ್ಟ್ ಕಾರ್ಡಿನ ಮೂಲೆ ತುಂಬುವುದಿಲ್ಲ — ಆದರೂ ಬಾಯಿಗೆ ಬರಲಿಲ್ಲ, ಕೈಗೂ ಬರಲಿಲ್ಲ. ಹಾಗಂತ ನಾನು ಮೂಕನಲ್ಲ. ಊರಲ್ಲಿ ನನಗೆ ಮಾತುಗಾರ ಎಂದು ಹೆಸರು. ಮದುವೆಯ ಮಾತುಕತೆಗೆ, ಬದುವಿನ ಜಗಳಕ್ಕೆ, ಅಣ್ಣತಮ್ಮಂದಿರ ಪಾಲಿಗೆ ನನ್ನನ್ನು ಕರೆದೊಯ್ದು ಕಂಬಳಿಯ ಮೇಲೆ ಕೂಡಿಸುತ್ತಾರೆ. "ಶಂಕರಪ್ಪನವರು ಇದ್ದದ್ದು ಇದ್ದಂಗ ಹೇಳ್ತಾರ" ಅನ್ನುತ್ತಾರೆ. ನಾನು ಟೊಪ್ಪಿಗೆ ಸರಿ ಮಾಡಿಕೊಂಡು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆ ಒಂದನ್ನು ಬಿಟ್ಟು — ಉಳಿದದ್ದೆಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಅಣ್ಣಿಗೇರಿಯಲ್ಲಿ ನಮ್ಮದು ಮೋಟಾರು ರಿಪೇರಿ ಅಂಗಡಿ. ನಮ್ಮಪ್ಪ ಚಕ್ಕಡಿ ಗಾಲಿಗೆ ಹಳಿ ಬಡಿಯುವುದರಿಂದ ಶುರು ಮಾಡಿ ನೀರೆತ್ತುವ ಎಂಜಿನ್ನಿನವರೆಗೆ ಬಂದಿದ್ದ. ನಾನು ಮೆಟ್ರಿಕ್ ಪಾಸಾಗಿದ್ದರಿಂದ ಮೋಟಾರು ಕಾರುಗಳ ಖಾತೆ ನನ್ನದು. ಖಾತೆ ದೊಡ್ಡದು, ಕಾರು ಒಂದೇ. ಶಲವಡಿಯ ಬಾಜು ಊರಿನ ಗೌಡರದು — ಹೆಸರು ಬೇಡ, ಗೊತ್ತಿದ್ದವರಿಗೆ ಗೊತ್ತು. ಬ್ರಿಟಿಷರ ಕಾಲದ್ದು, ಕಪ್ಪು ಬಣ್ಣ, ಹೊರಸಿನಷ್ಟು ಉದ್ದದ ಮೂತಿ. ಯಾವನೋ ಸಾಹೇಬ ದೇಶ ಬಿಡುವಾಗ ಗೌಡರ ತಂದೆಗೆ ಕೊಟ್ಟು ಹೋಗಿದ್ದನಂತೆ. ಆ ಸಾಹೇಬ ಇನ್ನೂ ಒಳಗೆ ಕೂತಿದ್ದಾನೆ ಅನ್ನುವ ಹಾಗೆ ನಾವು ಅದರ ಮುಂದೆ ತಗ್ಗಿ ನಡೆಯುತ್ತಿದ್ದೆವು.

ಅದನ್ನು ನಡೆಸುತ್ತಿದ್ದವನು ಗುರುಸಿದ್ದಪ್ಪ. ನನಗಿಂತ ನಾಲ್ಕಾರು ವರ್ಷ ಸಣ್ಣವ, ತೆಳ್ಳನೆಯ ಆಳು. ಗಾಡಿ ಒರೆಸಲು ಅರಿವೆ ಸಿಗದಿದ್ದರೆ ಹೆಗಲ ಮೇಲಿನ ತನ್ನ ಟವೆಲನ್ನೇ ತೆಗೆಯುವವ. ದಾರಿಯಲ್ಲಿ ಚಕ್ಕಡಿ ಅಡ್ಡ ಬಂದರೆ ಹಾರ್ನ್ ಹೊಡೆಯುತ್ತಿರಲಿಲ್ಲ. "ಎತ್ತಿಗೆ ಅಂಜಿಕಿ ಬರ್ತೈತ್ರಿ" ಎಂದು ಗಾಡಿ ನಿಲ್ಲಿಸಿ ಕೂಡುತ್ತಿದ್ದ. ಗೌಡರು ಹಿಂದೆ ಕೂತು ಬೈಯುತ್ತಿದ್ದರು. ಹಳೆಯ ಎಂಜಿನ್ನು, ಬೇಗ ಕಾಯುತ್ತಿತ್ತು, ದಾರಿಯಲ್ಲಿ ನಿಲ್ಲಿಸಿ ನೀರು ಹಾಕಬೇಕಾಗುತ್ತಿತ್ತು. ನೀರು ಹಾಕಿದ ಮೇಲೆ ಬಾನೆಟ್ ಮುಚ್ಚುವುದರಲ್ಲಿ ಅವನದೊಂದು ರೀತಿ ಇತ್ತು — ಎರಡೂ ಅಂಗೈ ಚಪ್ಪಟೆ ಇಟ್ಟು ಒತ್ತುವುದು, ತಲೆ ಒಂದು ಕಡೆ ವಾಲಿಸಿ 'ಖಟ್' ಅನ್ನುವ ಸಪ್ಪಳ ಕೇಳುವುದು, ಕೇಳಿದ ಮೇಲೆಯೇ ಕೈ ತೆಗೆಯುವುದು. ನಾನು ಇದನ್ನು ನೂರು ಸಲ ನೋಡಿದ್ದೆ. ಇದನ್ನು ಮರೆಯಬೇಡಿ ಎಂದು ನಿಮಗೆ ಹೇಳುತ್ತಿಲ್ಲ. ನಾನು ಮರೆತಿರಲಿಲ್ಲ ಎಂದು ಹೇಳುತ್ತಿದ್ದೇನೆ.

ಆ ವರ್ಷ ಒಬ್ಬ ಪುಢಾರಿ ಗೌಡರ ಊರಿಗೆ ಬಂದವರು, ಕಟ್ಟೆ ಸಾಲದೆಂದು, ಕಾರಿನ ಬಾನೆಟ್ಟಿನ ಮೇಲೆಯೇ ಹತ್ತಿ ನಿಂತು ಭಾಷಣ ಮಾಡಿದರು. ಭಾಷಣದಲ್ಲಿ ತೂಕ ಇರಲಿಲ್ಲ, ಭಾಷಣಕಾರರಲ್ಲಿ ಇತ್ತು. ಬಾನೆಟ್ ನಡುವೆ ಕುಸಿದು ರೊಟ್ಟಿಯ ಹಂಚಿನ ಹಾಗಾಯಿತು, ತಿರುಗಣಿಗಳು ಸೊಟ್ಟಗಾದವು. ಬಿಚ್ಚಿ ಹುಬ್ಬಳ್ಳಿಗೆ ಕಳಿಸಿದೆವು. ಬಡಿಸಿಕೊಂಡು, ಬಣ್ಣ ಹೊಡೆಸಿಕೊಂಡು, ಎರಡು ಕೌದಿ ಹೊದ್ದುಕೊಂಡು, ಬಾಣಂತಿ ಬಂದ ಹಾಗೆ ಲಾರಿಯಲ್ಲಿ ಅದು ತಿರುಗಿ ಬಂದದ್ದು ಮಹಾನವಮಿಯ ಮುಂಜಾನೆ.

ಅಂದೇ ಕೂಡಿಸಬೇಕು. ಯಾಕೆಂದರೆ ಅಂದು ಖಂಡೇಪೂಜೆ. ಗಾಡಿಗೂ ಪೂಜೆ ಆಗಬೇಕು, ಮೂತಿ ಇಲ್ಲದ ಗಾಡಿಗೆ ವಿಭೂತಿ ಎಲ್ಲಿ ಹಚ್ಚುವುದು? ಇನ್ನೊಂದು ನೇಮವೂ ಇದೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಪೂಜೆಗೆ ಇಟ್ಟ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟಬಾರದು. ಒಕ್ಕಲಿಗನ ಕುಡಗೋಲು, ಬಡಿಗನ ಉಳಿ, ನಟ್ಟು ಬಿಗಿಯುವ ನಮ್ಮ ಪಾನಾ, ಸುತ್ತಿಗೆ — ಎಲ್ಲಕ್ಕೂ ಅದೊಂದು ರಜೆ. ಓಡುವ ಗಾಡಿಗೆ ಮಾತ್ರ ಈ ನೇಮ ಇಲ್ಲ.

ಬಾನೆಟ್ ಕೂಡಿಸುವುದೆಂದರೆ ಸಂಬಂಧ ಕೂಡಿಸಿದ ಹಾಗೆ. ಈ ಕಡೆಯವರನ್ನು ಒಪ್ಪಿಸಿದರೆ ಆ ಕಡೆಯವರು ಮುನಿಯುತ್ತಾರೆ. ಎಡಕ್ಕೆ ಸರಿಸಿದರೆ ಬಲಕ್ಕೆ ಸಂದು ಬಾಯಿ ಬಿಡುತ್ತದೆ, ಹಿಂದೆ ತಗ್ಗಿಸಿದರೆ ಮುಂದೆ ಮೂಗು ಏರುತ್ತದೆ. ಮಡ್ಗಾರ್ಡಿನ ಮೇಲೆ ಕೌದಿ ಹಾಸಿ, ಗುರುಸಿದ್ದಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎತ್ತಿ ಇಟ್ಟೆವು. ಅವನು ಹೆಗಲು ಕೊಟ್ಟು ನಿಂತ. ನಾನು ಗಾಜಿನ ಬುಡದಲ್ಲಿ ತಿರುಗಣಿಯ ಬೋಲ್ಟುಗಳನ್ನು ಹಾಕಿದೆ. ಜೋಳದ ದಂಟಿನ ಒಂದು ಸೀಳು ತಗೊಂಡು ಎರಡೂ ಬದಿಯ ಸಂದಿನಲ್ಲಿ ಆಡಿಸಿ ನೋಡುವುದು, ಬೋಲ್ಟು ಸಡಿಲಿಸುವುದು, ಅಂಗೈಯಿಂದ ಒಂದು ತಟ್ಟು, ಮತ್ತೆ ಸೀಳು. ಕೊನೆಗೆ ಎರಡೂ ಕಡೆ ಅದೇ ಸೀಳು ಅದೇ ಬಿಗಿಯಲ್ಲಿ ಸರಿಯಿತು. ಬೈತಲೆ ತೆಗೆದಷ್ಟು ನೆಟ್ಟಗೆ ಕೂತಿತ್ತು. ನಾನು ಹಿಂದೆ ಸರಿದು ಸೊಂಟದ ಮೇಲೆ ಕೈ ಇಟ್ಟು ನಿಂತೆ. ಆ ನಿಲುವು ನನಗೆ ಇಂದಿಗೂ ನೆನಪಿದೆ — ಮೂರ್ತಿ ಮಾಡಿಸುವುದಿದ್ದರೆ ಅದೇ ನಿಲುವಿನಲ್ಲಿ ಮಾಡಿಸಬಹುದಿತ್ತು.

ಉಳಿದದ್ದು ಒಂದು ನಟ್ಟು.

ಬಾನೆಟ್ಟಿನ ಮೂಗಿನ ಕೆಳಗೆ ಒಂದು ಕಬ್ಬಿಣದ ಗೂಟ ಇರುತ್ತದೆ. ಮುಚ್ಚಿದಾಗ ಅದು ಕೆಳಗಿನ ತೂತಿನಲ್ಲಿ ಇಳಿದು ಲಾಕಿಗೆ ಸಿಗುತ್ತದೆ. ಅದೇ ಆ 'ಖಟ್' ಸಪ್ಪಳ. ಗೂಟವನ್ನು ತಿರುವಿ ಉದ್ದ ಗಿಡ್ಡ ಮಾಡಿ ಎತ್ತರ ಹೊಂದಿಸಬೇಕು, ಆಮೇಲೆ ನಟ್ಟು ಕೂಡಿಸಿ ಪಾನಾದಿಂದ ಬಿಗಿಯಬೇಕು. ಬಿಗಿಯದಿದ್ದರೆ ದಾರಿಯ ಕುಲುಕಾಟಕ್ಕೆ ಗೂಟ ತಾನೇ ತಿರುಗಿ ತಿರುಗಿ ಬಾನೆಟ್ಟಿನಿಂದ ಕಳಚಿಕೊಳ್ಳುತ್ತದೆ. ಅದರಲ್ಲೂ ಈ ಗೂಟದ ತಿರುಪಿನ ಸುತ್ತು ಸವೆದಿತ್ತು. ನಾನು ನೋಡಿದ್ದೆ.

ಪಾನಾ ನನ್ನ ಕೈಯಲ್ಲೇ ಇತ್ತು. ಅಪ್ಪ ಮಡಿಯುಟ್ಟು ಬಂದು ನಿಂತ.

"ಲೇ ಶಂಕ್ರ್ಯಾ, ಪಾನಾ ತಾ ಇಲ್ಲೆ."

"ಅಪ್ಪಾ, ಒಂದ ನಟ್ ಉಳದೈತಿ."

"ನಟ್ಟಿಗೆ ಹಬ್ಬಾ ಇಲ್ಲೇನು? ಹ್ವಾದ ವರ್ಷನೂ ಒಂದ ನಟ್ ಅಂದಿ, ಇಲ್ಲೆ ಆರತಿ ಆರಿ ಹೋತು. ಕೊಡು."

ಕೊಟ್ಟೆ. ಅಪ್ಪನ ಮೇಲೆ ಇದನ್ನು ಹಾಕುತ್ತಿಲ್ಲ. "ಇದು ಬಿಗಿಯದಿದ್ದರ ಗಾಡಿ ಓಡಿಸಾಕ ಬರೂದಿಲ್ಲ" ಎಂದು ಒಂದು ಮಾತು ಹೇಳಿದ್ದರೆ ಅವನೇ ನಿಂತು ಬಿಗಿಸುತ್ತಿದ್ದ. ದೇವರಿಗಿಂತ ನಟ್ಟಿನ ಭಯ ಅವನಿಗೆ ಹೆಚ್ಚು. ನಾನು ಹೇಳಲಿಲ್ಲ. ಬೆರಳಿನಿಂದ ಎಷ್ಟು ಬಿಗಿಯುತ್ತದೋ ಅಷ್ಟು ಬಿಗಿದು ಕೈ ಒರೆಸಿಕೊಂಡೆ. ನಾಳೆ ಬನ್ನಿ ಮುಡಿದ ಮೇಲೆ ನೋಡಿದರಾಯಿತು ಎಂದು—

ಆಗ ಗುರುಸಿದ್ದಪ್ಪ ತೊಗಲಿನ ಪಟ್ಟಾ ತಂದ. ಬಾನೆಟ್ಟಿಗೆ ಎರಡನೆಯದೊಂದು ಕೊಕ್ಕೆ ಇರುತ್ತದೆ, ಲಾಕು ತಪ್ಪಿದರೆ ಹಿಡಿಯಲಿ ಎಂದು. ಈ ಗಾಡಿಯದು ಎಂದೋ ಮುರಿದಿತ್ತು. ಅದರ ಬದಲು ಅವನು ಎತ್ತಿನ ಕೊರಳಿಗೆ ಕಟ್ಟುವ ಜತ್ತಿಗೆಯ ತೊಗಲಿನಿಂದ ಒಂದು ಪಟ್ಟಾ ಮಾಡಿಸಿ ಮೂತಿಯ ಮೇಲೆ ಅಡ್ಡ ಕಟ್ಟುತ್ತಿದ್ದ.

"ಪಟ್ಟಾ ಕಟ್ಟಲೇನ್ರಿ ಅಣ್ಣಾರ?"

ಹೊಸ ಬಣ್ಣ, ನೆಟ್ಟಗಿನ ಸಂದು, ನನ್ನ ಮೂರ್ತಿಯ ನಿಲುವು — ಅದರ ಮೇಲೆ ಆ ಹಳೆಯ ತೊಗಲು.

"ಮದುಮಗಳ ಬಾಯಿಗೆ ಯಾರರ ಹಗ್ಗಾ ಕಟ್ತಾರೇನಲೇ? ನನ್ನ ಕೆಲಸಕ್ಕ ಪಟ್ಟಾ ಬ್ಯಾಡ, ತಗದ ಒಗಿ."

ಅವನು ನಕ್ಕ. ಎರಡೂ ಅಂಗೈ ಇಟ್ಟು ಮುಚ್ಚಿದ, ಕಿವಿಗೊಟ್ಟ. "ಅಗದಿ ಛಲೋ ಕುಂತೈತ್ರಿ" ಅಂದ. ಆಮೇಲೆ, ಹೋಗುವಾಗ, ಸುಮ್ಮನೆ ಹೇಳಿದ ಹಾಗೆ ಹೇಳಿದ: "ನಾಳೆ ಮುಂಜಾನೆ ಅವ್ವಾರು ನವಲಗುಂದಕ್ಕ ಹೋಗೂಣು ಅನ್ನಾಕತ್ತಾರ್ರಿ. ಅವ್ರ ಅಕ್ಕಗ ಬನ್ನಿ ಕೊಟ್ಟು ಬರಬೇಕಂತ. ಕರಕೊಂಡು ಹೋಗ್ಲ್ಯಾ?"

ಅವ್ವ ಅಂದರೆ ಗೌಡರ ತಾಯಿ. ಗುರುಸಿದ್ದಪ್ಪನನ್ನು ಸಣ್ಣಂದಿನಿಂದ ರೊಟ್ಟಿ ಹಾಕಿ ಬೆಳೆಸಿದವಳು.

ಊರೊಳಗೆ ಮಾತ್ರ ಓಡಿಸು ಅನ್ನಬಹುದಿತ್ತು. ಪಟ್ಟಾ ಕಟ್ಟಿಕೊಂಡು ಹೋಗು ಅನ್ನಬಹುದಿತ್ತು. ಆದರೆ ಪಟ್ಟಾ ಬೇಡ ಎಂದು ಅಂದವನು ನಾನೇ, ಆಗ ತಾನೇ. ಅಂದ ಮಾತನ್ನು ನುಂಗುವುದಕ್ಕೆ ಬಾಯಿ ದೊಡ್ಡದು ಬೇಕು, ಮನಸ್ಸೂ.

"ಹೋಗಿ ಬಾ. ಏನಾಗ್ತೈತಿ?" ಅಂದೆ.

ಮರುದಿನ ಆದದ್ದನ್ನು ನಾನು ಕಣ್ಣಿಂದ ನೋಡಲಿಲ್ಲ. ನವಲಗುಂದದ ಹಾದಿಯಲ್ಲಿ ಎಂಜಿನ್ ಕಾದಿದೆ. ಹಳ್ಳದ ಹತ್ತಿರ ನಿಲ್ಲಿಸಿ ಅವನು ನೀರು ಹಾಕಿದ್ದಾನೆ, ಮುಚ್ಚಿದ್ದಾನೆ, ಹೊರಟಿದ್ದಾನೆ. ಸ್ವಲ್ಪ ದೂರ ಹೋದ ಮೇಲೆ ಬಾನೆಟ್ ಗಾಳಿಗೆ ಸಟ್ಟನೆ ಎದ್ದು ಗಾಜಿಗೆ ಬಡಿದು ಮುಂದಿನದೆಲ್ಲ ಕತ್ತಲೆ. ಅವನು ಬ್ರೇಕ್ ಒತ್ತಿದರೂ ಗಾಡಿ ರಸ್ತೆಯ ಅಂಚು ಬಿಟ್ಟು ಕೆಳಗಿನ ಹತ್ತಿ ಹೊಲಕ್ಕೆ ಇಳಿಯಿತು. ಅವನ ಹಣೆ ಒಡೆಯಿತು. ಬಾಗಿಲು ತಾನೇ ತೆರೆದುಕೊಂಡು, ಹಿಂದೆ ಕೂತಿದ್ದ ಅವ್ವ ಹೊರಗೆ ಬಿದ್ದಳು. ಟೊಂಕದ ಎಲುಬು ಮುರಿಯಿತು. ಅವ್ವ ಮತ್ತೆ ನಡೆಯಲಿಲ್ಲ.

ಅವ್ವನನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಗಾಡಿಯನ್ನು ಎತ್ತು ಹೂಡಿ ಎಳೆದುಕೊಂಡು ನಮ್ಮ ಅಂಗಡಿಗೆ ತಂದು ನಿಲ್ಲಿಸಿದರು. ಸೊಟ್ಟಗಾದ ಬಾನೆಟ್ಟನ್ನು ಹಗ್ಗದಿಂದ ಬಿಗಿದಿದ್ದರು. ಆಳುಗಳು ಹೋದ ಮೇಲೆ ಹಗ್ಗ ಬಿಚ್ಚಿ ಎತ್ತಿದೆ. ಮೂಗಿನ ಕೆಳಗೆ ಗೂಟ ಇರಲಿಲ್ಲ. ಕೆಳಗೆ ನೋಡಿದೆ. ಗೂಟ ಲಾಕಿನೊಳಗೆ ಇತ್ತು — ಸರಿಯಾಗಿ ಸಿಕ್ಕಿಕೊಂಡು, ನೆಟ್ಟಗೆ ನಿಂತಿತ್ತು. ಬುಡದಲ್ಲಿ ಸಡಿಲಾದ ನಟ್ಟು.

ಇದರ ಅರ್ಥ ಹೇಳಿಬಿಡುತ್ತೇನೆ. ಅವನು ಒತ್ತದಿದ್ದರೆ ಗೂಟ ಲಾಕಿಗೆ ಸಿಗುತ್ತಲೇ ಇರಲಿಲ್ಲ. ಅವನು ಒತ್ತಿದ್ದ, ಅದು ಸಿಕ್ಕಿತ್ತು, ಸಿಕ್ಕಿದ್ದನ್ನು ಲಾಕು ಬಿಟ್ಟಿರಲಿಲ್ಲ. ಬಾನೆಟ್ಟೇ ಗೂಟವನ್ನು ಬಿಟ್ಟು ಎದ್ದು ಹೋಗಿತ್ತು.

ಅಷ್ಟರಲ್ಲಿ ಊರವರು ಬನ್ನಿ ಮುಡಿದು ತಿರುಗಿ ಬಂದಿದ್ದರು. ಅಪ್ಪ ಹತ್ಯಾರಗಳನ್ನು ಮಣೆಯಿಂದ ಇಳಿಸಿ, ಪಾನಾದ ಮೇಲಿನ ಹೂ ತೆಗೆದು, ಹಣೆಗೆ ಮುಟ್ಟಿಸಿ ನನ್ನ ಕೈಗೆ ಕೊಟ್ಟ. ಆ ವರ್ಷ, ವಿಭೂತಿ ಇನ್ನೂ ಅಳಿಯದ ಆ ಪಾನಾದಿಂದ ನಾನು ಮಾಡಿದ ಮೊದಲ ಕಾಯಕ ಇದು: ಲಾಕಿನಿಂದ ಗೂಟ ಬಿಡಿಸಿ, ಬಾನೆಟ್ಟಿಗೆ ತಿರುವಿ, ಮುರಿಯುವಷ್ಟು ಬಲ ಹಾಕಿ ನಟ್ಟು ಬಿಗಿದೆ. ಸೊಟ್ಟ ಮೂತಿಯನ್ನು ಸುತ್ತಿಗೆಯಿಂದ ತಕ್ಕಮಟ್ಟಿಗೆ ನೆಟ್ಟಗೆ ಮಾಡಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಲು ಮನಸ್ಸಿದೆ — ನಡುಗಲಿಲ್ಲ.

ಮರುದಿನ ಗೌಡರು ಬಂದರು. ಜೊತೆಗೆ ಊರಿನ ನಾಲ್ಕು ಮಂದಿ, ಹಿಂದೆ ಹಣೆಗೆ ಪಟ್ಟಿ ಕಟ್ಟಿಕೊಂಡ ಗುರುಸಿದ್ದಪ್ಪ.

"ಶಂಕರಪ್ಪಾ, ಏನಾಗಿತ್ತು ನೋಡಿ ಹೇಳಪಾ."

ನಾನು ಬಾನೆಟ್ ಎತ್ತಿದೆ, ಬಿಟ್ಟೆ, ಒತ್ತಿದೆ. 'ಖಟ್.' ಇನ್ನೊಮ್ಮೆ ಮಾಡಿ ತೋರಿಸಿದೆ.

"ಲಾಕ್ ಸರಿ ಐತ್ರಿ ಗೌಡ್ರ."

ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಸುಳ್ಳು ಆಗುತ್ತಿತ್ತು. ನಾನು ಪೂರ್ತಿ ಮಾಡುವವ.

"ನೀರ ಹಾಕಿದ ಮ್ಯಾಲೆ ಸರಿ ಒತ್ತಿರಲಿಕ್ಕಿಲ್ಲ."

ಗೌಡರು ತಿರುಗಿದರು. "ಒತ್ತಿದ್ದಿಲ್ಲೇನಲೇ?"

"ಒತ್ತಿದ್ನಿರಿ" ಅಂದ ಗುರುಸಿದ್ದಪ್ಪ. ನನ್ನ ಮುಖ ನೋಡಿದ. "ಒತ್ತಿದಂಗ ನೆನಪೈತ್ರಿ" ಅಂದ. ನಾನು ಬೇರೆ ಕಡೆ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದೆ. ಅವನು ತಲೆ ತಗ್ಗಿಸಿದ. "ಅಣ್ಣಾರು ಹೇಳ್ತಾರಂದ್ರ... ಒತ್ತಿರಲಿಕ್ಕಿಲ್ರಿ."

ಒಬ್ಬ ಮನುಷ್ಯ ತನ್ನ ಕೈ ಮಾಡಿದ ಕೆಲಸವನ್ನು, ತನ್ನ ಕಿವಿ ಕೇಳಿದ ಸಪ್ಪಳವನ್ನು ನನ್ನ ಮಾತಿಗೆ ಬಿಟ್ಟುಕೊಟ್ಟದ್ದು ಹೀಗೆ. ನನ್ನ ಮೇಲಿನ ನಂಬಿಗೆಯಿಂದ.

ಗೌಡರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಚಾವಿ ಕೇಳಿ ಇಸಿದುಕೊಂಡರು. ಅವನು ಮತ್ತೆ ಯಾರ ಗಾಡಿಯನ್ನೂ ಮುಟ್ಟಲಿಲ್ಲ. ಹತ್ತಿಯ ಗಿರಣಿಯಲ್ಲಿ ಅಂಡಿಗೆ-ಮೂಟೆ ಹೊರುವ ಕೆಲಸಕ್ಕೆ ಹೋದ. ಅದಕ್ಕಿಂತ ಕೆಟ್ಟದ್ದೊಂದು ಆಯಿತು. ಅವನಿಗೆ ತನ್ನ ಕೈಯ ಮೇಲೆ ನೆಚ್ಚಿಕೆ ಹೋಯಿತು. ಕದದ ಚಿಲಕ ಹಾಕಿದರೆ ತಿರುಗಿ ಬಂದು ನೋಡುವುದು, ಕೊಡದ ಮೇಲಿನ ತಾಟು ಎತ್ತಿ ಮತ್ತೆ ಇಡುವುದು, ಬೀದಿಯ ತುದಿಗೆ ಹೋದವನು ಒಲೆ ಆರಿಸಿದೆನೋ ಇಲ್ಲವೋ ಎಂದು ಓಡಿ ಬರುವುದು. ಚಾದಂಗಡಿಯಲ್ಲಿ ಮಂದಿಗೆ ಅದೊಂದು ಮೋಜು. "ಗುರುಸಿದ್ದಾ, ಕಪ್ ಸರಿ ಇಟ್ಟಿಯಿಲ್ಲೋ? ಹಾರೀತು ಮತ್ತ" ಅನ್ನುವರು. ಅವನು ಕಪ್ಪನ್ನು ನಿಜವಾಗಿಯೂ ಮುಟ್ಟಿ ನೋಡುವನು. ಎಲ್ಲರೂ ನಗುವರು. ಒಂದು ಸಲ ನಾನೂ ನಕ್ಕಿದ್ದೇನೆ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ, ಬಿಟ್ಟರೆ ಇದೂ ಅರ್ಧ ಆದೀತು.

ಮುಂದಿನ ವರ್ಷ ಬನ್ನಿ ಕೊಡಲು ಗೌಡರ ಮನೆಗೆ ಹೋಗಿದ್ದೆ. ಅವ್ವ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ನನ್ನ ಮುಂದೆ ಗುರುಸಿದ್ದಪ್ಪ ನಿಂತಿದ್ದ. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ಬಹಳ ಹೊತ್ತು ನಿಂತವನನ್ನು ಅವ್ವನೇ ಕರೆದಳು.

"ಬಾರೋ ತಮ್ಮಾ. ಬನ್ನಿ ತಗೊಂಡು ಬಂಗಾರಧಂಗ ಇರೂಣು. ನೀ ಏನ್ ಬೇಕಂತ ಮಾಡೀಯೇನು? ಮರವಿ ಮನಷ್ಯಾಗ ಇರೂದ."

ಅವನು ಅವಳ ಕಾಲ ಮೇಲೆ ಹಣೆ ಇಟ್ಟು ಅತ್ತ. ನಾನು ಹಿಂದೆ, ಕೈಯಲ್ಲಿ ಬನ್ನಿ ಹಿಡಿದುಕೊಂಡು, ನನ್ನ ಪಾಳಿಗೆ ಕಾದು ನಿಂತಿದ್ದೆ. ಮಾಡದ ತಪ್ಪಿಗೆ ಅವನಿಗೆ ಕ್ಷಮೆ ಸಿಗುತ್ತಿತ್ತು. ಪಾಳಿ ಬಂತು. ಅವ್ವ ನನ್ನ ಕೈ ಹಿಡಿದು ಹೇಳಿದಳು: "ನೀ ಅಷ್ಟ ಕಷ್ಟಪಟ್ಟು ಕೂಡಿಸಿದ್ದಿ ಅಂತಪಾ ಶಂಕರಪ್ಪಾ. ಸುಮ್ನ ಹಾಳಾತು ನೋಡು." ನನಗೆ ಸಮಾಧಾನ ಹೇಳಿದಳು. ನಾನು ಹೂಂ ಅಂದೆ.

ಯಾಕೆ ಹೇಳಲಿಲ್ಲ? ಅಂಜಿಕೆ ಎಂದರೆ ಪೂರ್ತಿ ಖರೆ ಅಲ್ಲ. ಅಂಜಿಕೆ ಮೊದಲ ಒಂದೆರಡು ವರ್ಷದ್ದು. ಆಮೇಲೆ ಅಂಜಿಕೆಯೂ ಇರಲಿಲ್ಲ, ಬರೀ ಅನುಕೂಲ ಇತ್ತು. ಅಂಗಡಿ ಬೆಳೆಯಿತು, ಟ್ರ್ಯಾಕ್ಟರುಗಳು ಬಂದವು, ಮಂದಿ ನನ್ನನ್ನು ಕರೆದು ಕಂಬಳಿಯ ಮೇಲೆ ಕೂಡಿಸತೊಡಗಿದರು. ಅವ್ವ ಆ ಹೊರಸಿನ ಮೇಲೆಯೇ ತೀರಿಕೊಂಡಳು. ಮಣ್ಣಿಗೆ ಹೋದಾಗ ಗುರುಸಿದ್ದಪ್ಪ ಎಲ್ಲರ ಹಿಂದೆ ದೂರದಲ್ಲಿ ನಡೆದು ಬಂದ. ನಾನು ಮುಂದೆ ಇದ್ದೆ.

ಈಗ ಅವನು ಮಿಶ್ರಿಕೋಟಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಹೋದ ತಿಂಗಳು ಬಸ್ಸು ಹಿಡಿದು ಹೋದೆ. ಬಸ್ಸಿನಲ್ಲಿ ಒಂದು ಭಾಷಣ ಹೊಂದಿಸಿಕೊಂಡಿದ್ದೆ, ಒಳ್ಳೊಳ್ಳೆಯ ಮಾತುಗಳಿದ್ದವು. ಅವನ ಮುಂದೆ ಕೂತಾಗ ಒಂದೂ ಬರಲಿಲ್ಲ. ಪಾನಾ, ನಟ್ಟು, ಗೂಟ — ಬರೀ ಇವನ್ನೇ, ಆದ ಹಾಗೆ ಹೇಳಿದೆ. ಅವನು ಕೇಳಿದ. ತನ್ನ ಎರಡೂ ಅಂಗೈ ನೋಡಿಕೊಂಡ.

"ಗೂಟ ಲಾಕಿನಾಗ ಇತ್ತೇನ್ರಿ?"

"ಇತ್ತು."

"ನೀವು ಕಣ್ಣಿಲೆ ನೋಡಿದ್ರಿ?"

"ನೋಡೀನಿ. ನಾನ ಬಿಡಿಸಿ ತಗದೀನಿ."

"ಹಂಗಾರ..." ಅಂದ. ತಡೆದ. "ಹಂಗಾರ ನನಗ ನೆನಪಿದ್ದದ್ದು ಖರೇನ ಇತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೆ, ನನಗಲ್ಲ, ಎದುರಿನ ಗೋಡೆಗೆ ಹೇಳಿದ: "ಅವ್ವಾರು ಇದ್ದಾಗ ಹೇಳಿದ್ರ ಛಲೋ ಇತ್ರಿ."

ನಾನು ಕೈ ಜೋಡಿಸಲು ಹೋದೆ. ಅವನು ಬೇಡ ಎಂದು ಕೈ ಅಲ್ಲಾಡಿಸಿದ.

"ಅದ್ಯಾಕ್ರಿ. ನನ್ನ ಒಬ್ಬಾಂವನ ಮುಂದ ಹೇಳಿ ಹೋಗಬ್ಯಾಡ್ರಿ. ಅವತ್ತ ನಾಕ ಮಂದ್ಯಾಗ ಹೇಳಿದ್ರಿ. ಇದನ್ನೂ ನಾಕ ಮಂದ್ಯಾಗ ಹೇಳ್ರಿ."

ಒಳಗಿನಿಂದ ಮಗಳು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಒಂದೇ ಕಪ್ ಚಾ ತಂದಿದ್ದಳು, ಅಪ್ಪನ ಮುಂದೆ ಇಟ್ಟು ಒಳಗೆ ಹೋದಳು. ನಮ್ಮ ಕಡೆ ವೈರಿ ಬಂದರೂ ಚಾ ಕೊಡದೆ ಕಳಿಸುವುದಿಲ್ಲ. ಅವಳು ಮಾಡಿದ್ದು ಸರಿ. ನಾನು ಎದ್ದು ಬಂದೆ.

ಅಂದು ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಮಂದಿ ಈಗ ಇಲ್ಲ. ಗೌಡರೂ ಇಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರ ಮನೆಗೆ ಹೋಗಿ ಬಾಯಿಂದ ಹೇಳಿ ಬಂದಿದ್ದೇನೆ. ಚಾದಂಗಡಿಯಲ್ಲಿ ನಕ್ಕವರಲ್ಲಿ ಉಳಿದವರಿಗೂ ಹೇಳಿದ್ದೇನೆ. ಕೆಲವರು "ಹಳೇದು ಬಿಡ್ರಿ" ಅಂದರು. ಬಿಡುವ ಹಕ್ಕು ಅವರದೂ ಅಲ್ಲ, ನನ್ನದೂ ಅಲ್ಲ. ಕಿವಿಗೆ ಮುಟ್ಟದವರು ಇನ್ನೂ ಇದ್ದಾರು, ಅವರಿಗಾಗಿ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.

ಗುರುಸಿದ್ದಪ್ಪ ಅಂದು ಹಳ್ಳದ ಹತ್ತಿರ ನೀರು ಹಾಕಿದ. ಎರಡೂ ಅಂಗೈ ಇಟ್ಟು ಬಾನೆಟ್ ಒತ್ತಿದ. ಅದು ಮುಚ್ಚಿಕೊಂಡದ್ದನ್ನು ಕೇಳಿಸಿಕೊಂಡ. ಆಮೇಲೆಯೇ ಗಾಡಿ ಹತ್ತಿದ.